ತಗಡೋ ಹಲಗೆಯೋ

ನಮ್ಮ ಮನೆಯಲ್ಲಿ ಈಗ ಏನು ಕೊಳ್ಳುವುದಿದ್ದರೂ ನನ್ನನ್ನು ಕೇಳುವುದಿಲ್ಲ. ಹೋದ ವಾರ ಗಾಳಿ ಹೊಡೆಯುವ ಸೀಮೆಎಣ್ಣೆ ಸ್ಟೋವು ಬಂತು. ಅದರ ಜೊತೆ ಒಂದು ಅಚ್ಚಾದ ಕಾಗದವೂ ಬಂತು. ಹೊಟ್ಟೆಯಲ್ಲಿ ಎಷ್ಟು ಎಣ್ಣೆ ಹಿಡಿಯುತ್ತದೆ, ಪಿನ್ನು ಎಲ್ಲಿ ಚುಚ್ಚಬೇಕು, ಎಷ್ಟು ಹೊತ್ತು ಉರಿಯುತ್ತದೆ ಎಂಬ ವಿವರಗಳ ಕಾಗದ. ನಾನು ಕೈ ಚಾಚಿದೆ. ಅಮ್ಮ ಅದನ್ನು ನಾಲ್ಕಾಗಿ ಮಡಿಸಿ ಸಕ್ಕರೆ ಡಬ್ಬದ ಕೆಳಗೆ ಇಟ್ಟುಬಿಟ್ಟಳು.

"ನೀನು ಓದೋದು ಬೇಡ. ಓದಿದ್ರೆ ಮಾತಾಡ್ತೀಯ."

ಬಿ.ಎ. ಪಾಸು ಮಾಡಿ, ಹೈಸ್ಕೂಲಿನಲ್ಲಿ ಮೇಷ್ಟ್ರಾಗಿರುವ ಇಪ್ಪತ್ತಾರರ ಗಂಡಸಿಗೆ ಹೆತ್ತ ತಾಯಿ ಕೊಟ್ಟ ಸರ್ಟಿಫಿಕೇಟು ಇದು. ನಾನು ವಾದಿಸಲಿಲ್ಲ. ವಾದಿಸಿದ್ದರೆ ಗೆಲ್ಲುತ್ತಿದ್ದೆ. ಅವಳ ಭಯ ಅದೇ. ಈಚೆಗೆ ನನ್ನದೂ ಅದೇ.

ಇದಕ್ಕೆಲ್ಲ ಕಾರಣ ಒಂದು ಲಾರಿ. ಏಳು ವರ್ಷದ ಹಿಂದೆ ನಮ್ಮ ಚಿಕ್ಕಪ್ಪ ಕೊಂಡ ಲಾರಿ. ಅದರ ಕಥೆ ಹೇಳುವ ಮೊದಲು ಚಿಕ್ಕಪ್ಪನ ಕಿವಿಯ ಬಗ್ಗೆ ಹೇಳಬೇಕು.

ನಾನು ಐದಾರು ವರ್ಷದವನಿದ್ದಾಗ ಶಿವಮೊಗ್ಗೆಯಲ್ಲಿ ಇನ್ನೂ ಇದ್ದಿಲು ಗ್ಯಾಸಿನ ಬಸ್ಸುಗಳು ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿರುತ್ತಿದ್ದರು. ಹೊರಡುವ ಅರ್ಧ ಗಂಟೆ ಮೊದಲೇ ಒಬ್ಬ ಮನುಷ್ಯ ಬೆವರು ಸುರಿಸುತ್ತ ಅದರ ಗಾಳಿಚಕ್ರ ತಿರುಗಿಸುತ್ತಿದ್ದ. ಬಸ್ಸು ಏರು ಹತ್ತಲಾರದೆ ನಿಂತರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ಟಿಕೆಟ್ಟು ಕೊಂಡು ಬಸ್ಸನ್ನು ತಾವೇ ಊರು ಮುಟ್ಟಿಸುವ ಆ ಜನರ ಮೇಲೆ ನನಗೆ ಆಗಲೇ ಸಂಶಯ ಹುಟ್ಟಿತ್ತು. ಚಿಕ್ಕಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತುಂಗಾ ಸೇತುವೆಯ ಬಳಿ ನಿಲ್ಲುತ್ತಿದ್ದ. ಆಚೆ ದಡದಲ್ಲಿ ಗಾಡಿ ಕಾಣುವ ಮೊದಲೇ "ಇದು ಭದ್ರಾವತಿದು. ಇದರ ಒಂದು ಸಿಲಿಂಡರ್ ಕೆಮ್ಮುತ್ತೆ" ಎನ್ನುತ್ತಿದ್ದ. ಕಂಡ ಮೇಲೆ ಅದು ಭದ್ರಾವತಿಯದ್ದೇ ಆಗಿರುತ್ತಿತ್ತು. ನನ್ನ ಕಣ್ಣಿಗೆ ಆಗ ಅವನಿಗಿಂತ ದೊಡ್ಡ ವಿದ್ವಾಂಸ ಇರಲಿಲ್ಲ.

ಇಂಥ ಕಿವಿಯ ಮನುಷ್ಯನನ್ನು ಗಾಂಧಿ ಬಜಾರಿನ ನಮ್ಮ ಬೆಲ್ಲ, ಬೇಳೆಯ ಅಂಗಡಿಯ ತಕ್ಕಡಿ ಮುಂದೆ ನಿಲ್ಲಿಸಲಾಗಿತ್ತು. ಅಂಗಡಿ ಅಪ್ಪನದು, ಎಂದರೆ ಮನೆಯದು, ಎಂದರೆ ಅಪ್ಪನದು. ಚಿಕ್ಕಪ್ಪ ಹತ್ತು ವರ್ಷ ತೂಗಿದ. ರಸ್ತೆಯಲ್ಲಿ ಲಾರಿ ಹೋದರೆ ತಟ್ಟೆಯ ಮೇಲೆ ಕೈ ಇಟ್ಟು ತೂಕ ನಿಲ್ಲಿಸಿ, ಶಬ್ದ ದೂರವಾಗುವ ತನಕ ಕೇಳಿ, ಆಮೇಲೆ ಕೈ ತೆಗೆಯುತ್ತಿದ್ದ. ಗಿರಾಕಿಗಳು ಇದು ಯಾವುದೋ ಹೊಸ ಮೋಸದ ತೂಕ ಎಂದುಕೊಂಡು ಜಗಳ ತೆಗೆಯುತ್ತಿದ್ದರು.

ಮೂವತ್ತೆರಡನೆಯ ವರ್ಷದಲ್ಲಿ ಅವನು ಅಪ್ಪನ ಮುಂದೆ ನಿಂತು ಒಂದೇ ಮಾತು ಹೇಳಿದ: "ಅಣ್ಣಾ, ಜಮೀನಿನಲ್ಲಿ ನನ್ನ ಪಾಲು ಬೇಡ. ಒಂದು ಲಾರಿ ತೆಗೆಸಿಕೊಡು."

ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದ: "ಒಂದು ವರ್ಷ. ಗಾಡಿ ತನ್ನ ಕಾಲ ಮೇಲೆ ನಿಂತ್ರೆ ಅದು ನಿಂದು, ನೀನು ನಿನ್ನ ದಾರಿ. ನಿಲ್ಲದಿದ್ರೆ ಮಾರೋದು, ನೀನು ತಕ್ಕಡಿಗೆ ವಾಪಸ್."

"ಆಯ್ತು" ಎಂದ ಚಿಕ್ಕಪ್ಪ. ಆ ದಿನ ಅವನು ಎಷ್ಟು ಅನ್ನ ಉಂಡ ಎಂಬುದನ್ನು ಅಜ್ಜಿ ಬಹಳ ದಿನ ಹೇಳುತ್ತಿದ್ದಳು.

ಯಾವ ಲಾರಿ, ಯಾಕೆ ಲಾರಿ ಎಂಬುದು ಚಿಕ್ಕಪ್ಪನ ತಲೆಯಲ್ಲಿ ಸ್ಪಷ್ಟವಾಗಿತ್ತು. ಕಾಯುವ ಸರಕಿಗೆ ರೈಲಿದೆ, ಎತ್ತಿನ ಗಾಡಿ ಇದೆ. ಕಾಯಲಾರದ ಸರಕು ಬೇರೆ. ಕಟ್ಟಿದ ವೀಳ್ಯದೆಲೆ ಒಂದು ದಿನ ತಡವಾದರೆ ಕಸ. ಭದ್ರಾವತಿಯಲ್ಲಿ ಒಂದು ಯಂತ್ರದ ಹಲ್ಲು ಮುರಿದರೆ, ಅದು ರಿಪೇರಿಯಾಗಿ ಬರುವವರೆಗೆ ನೂರು ಜನ ಕೈ ಕಟ್ಟಿ ಕೂರುತ್ತಾರೆ. "ತಡವಾದ್ರೆ ಸಾಯೋ ಸಾಮಾನು ಹೊತ್ರೆ ಬಾಡಿಗೆ ಕೇಳಬೇಕಾಗಿಲ್ಲ ಮಾರಾಯ, ಅವರೇ ಕೊಡ್ತಾರೆ" ಎನ್ನುತ್ತಿದ್ದ. ಈಗ ಯೋಚಿಸಿದರೆ, ನಮ್ಮ ಮನೆಯಲ್ಲಿ ಯಾರಾದರೂ ಆಡಿದ ಅತ್ಯಂತ ಬುದ್ಧಿವಂತ ಮಾತು ಅದು. ಅವನು ಅದನ್ನು ಬಿ.ಎ. ಓದದೆ ಹೇಳಿದ್ದ.

ಬೆಂಗಳೂರಿನ ಏಜೆನ್ಸಿಯಿಂದ ಇಂಗ್ಲಿಷಿನ ಕ್ಯಾಟಲಾಗು ಬಂತು. ಅಲ್ಲಿಗೆ ನನ್ನ ಪ್ರವೇಶ.

ನಾನು ಆಗ ಕಾಲೇಜಿನ ಚರ್ಚಾಕೂಟದ ಹುಲಿ. ನಮ್ಮ ಮೇಷ್ಟ್ರೊಬ್ಬರು ಟೋಪಿಯಲ್ಲಿ ಎರಡು ಚೀಟಿ ಹಾಕಿ ಕುಲುಕುತ್ತಿದ್ದರು. ಒಂದರಲ್ಲಿ 'ಪರ', ಇನ್ನೊಂದರಲ್ಲಿ 'ವಿರೋಧ'. "ಯಾವುದು ಬಂತೋ ಅದೇ ನಿನ್ನ ಅಭಿಪ್ರಾಯ, ಹೊರಡು" ಎನ್ನುತ್ತಿದ್ದರು. ಯಂತ್ರಗಳಿಂದ ಮನುಷ್ಯ ಸುಖಿ ಎಂದು ಒಂದು ವಾರ ಸಾಧಿಸಿ ಬಹುಮಾನ ತಂದೆ. ಮುಂದಿನ ವಾರ ಬೇರೆ ಕಾಲೇಜಿನಲ್ಲಿ ಯಂತ್ರಗಳಿಂದಲೇ ಮನುಷ್ಯ ಹಾಳಾದ ಎಂದು ಸಾಧಿಸಿ ಇನ್ನೊಂದು ತಂದೆ. ಎರಡು ಕಪ್ಪನ್ನೂ ಅಜ್ಜಿ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಇಟ್ಟಳು. ಅವು ಜಗಳವಾಡಲಿಲ್ಲ. ಸಾಲದ್ದಕ್ಕೆ ನಾನು ನಾಸ್ತಿಕ ಬೇರೆ. ಬೆಳಿಗ್ಗೆ ಅಜ್ಜಿ ಹಣೆಗೆ ಎಳೆದ ವಿಭೂತಿಯನ್ನು ಓಣಿಯ ತಿರುವು ದಾಟಿದ ಮೇಲೆ ಒರೆಸಿಕೊಳ್ಳುವಷ್ಟು ನಾಸ್ತಿಕ. ದಾಟುವ ಮೊದಲು ಒರೆಸಿಕೊಳ್ಳುವಷ್ಟಲ್ಲ.

ಕ್ಯಾಟಲಾಗನ್ನು ನಾನು ಕನ್ನಡಕ್ಕೆ ತಂದೆ. ಅನುವಾದ ಮಾಡುವವನಿಗೆ ತಾನೇ ಬರೆದೆನೆಂಬ ಭ್ರಮೆ ಬರುವುದುಂಟು. ನನಗೆ ಲಾರಿಯನ್ನು ನಾನೇ ತಯಾರಿಸಿದೆನೆಂಬ ಭ್ರಮೆ ಬಂತು. ಡೀಸೆಲ್ಲೋ ಪೆಟ್ರೋಲೋ, ಚಾಸಿ ಗಿಡ್ಡವೋ ಉದ್ದವೋ, ಹಿಂದಿನ ಸ್ಪ್ರಿಂಗಿಗೆ ಎಷ್ಟು ಪಟ್ಟಿ ಇರಬೇಕು, ಎಲ್ಲಕ್ಕೂ ನನ್ನಲ್ಲಿ ಉತ್ತರ ಸಿದ್ಧವಾಯಿತು. ಅದುವರೆಗೆ ನಾನು ಲಾರಿ ಹತ್ತಿದ್ದು ಎರಡು ಸಲ. ಎರಡೂ ಸಲ ಮದುವೆ ದಿಬ್ಬಣದ ಜೊತೆ, ಜಮಖಾನದ ಮೇಲೆ ಕೂತು.

ಚಿಕ್ಕಪ್ಪ ಕ್ಯಾಟಲಾಗನ್ನೂ ನನ್ನನ್ನೂ ಕರೆದುಕೊಂಡು ಭದ್ರಾವತಿಗೆ ಹೋದ. ಅಲ್ಲಿ ಮುನಿಸ್ವಾಮಿ ಎಂಬ ಡ್ರೈವರ್ ಇದ್ದ. ಐವತ್ತರ ಹತ್ತಿರದ, ಕಪ್ಪು, ಕುಳ್ಳ ಮನುಷ್ಯ. ಅವನ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದವನು. ಮುನಿಸ್ವಾಮಿ ಅದಿರು ಹೊತ್ತು, ಕಟ್ಟಿಗೆ ಹೊತ್ತು, ಹೊನ್ನಾವರದ ಘಾಟಿಯನ್ನು ಸಾವಿರ ಸಲ ಇಳಿದು ಹತ್ತಿದವನು. ಹೊಸ ಗಾಡಿಗೆ ಅವನೇ ಡ್ರೈವರ್ ಎಂದು ಚಿಕ್ಕಪ್ಪ ಮೊದಲೇ ಮಾತು ಕೊಟ್ಟಿದ್ದ.

ಚಿಕ್ಕಪ್ಪ ಬಾಡಿಗೆಯ ವಿಚಾರ ಮಾತಾಡಲು ಯಾರನ್ನೋ ಕಾಣಲು ಹೋದ. ನಾನು ಮುನಿಸ್ವಾಮಿಯ ಮನೆಯಲ್ಲಿ ಉಳಿದೆ. ಮಧ್ಯಾಹ್ನದ ಸೈರನ್ ಕೂಗಿತು. ಒಳಗಿನಿಂದ ಘಮ್ಮೆಂದು ಹುಳಿ, ಮೆಣಸಿನ ವಾಸನೆ ಬಂತು. ಅವನ ಹೆಂಡತಿ ಪೊನ್ನಮ್ಮ ಬಾಗಿಲಿಗೆ ಬಂದು ಸಂಕೋಚದಿಂದ ನಿಂತಳು.

"ನೀವು ಉಣ್ಣೋ ಊಟ ಅಲ್ಲ ತಂಬಿ ಇವತ್ತು. ಮೀನ್ ಕೊಳಂಬು ಮಾಡ್ಬಿಟ್ಟಿದೀನಿ. ಬಾಳೆಹಣ್ಣು ತರಿಸ್ಲಾ?"

ಬೇರೆ ಯಾರಾದರೂ ಬಾಳೆಹಣ್ಣು ತಿನ್ನುತ್ತಿದ್ದರು. ನಾನು ಭಾಷಣ ಮಾಡಿದೆ. ಆಹಾರಕ್ಕೂ ಶೀಲಕ್ಕೂ ಸಂಬಂಧವಿಲ್ಲ, ಮಡಿಯೆಂಬುದು ಪಾತ್ರೆ ತೊಳೆಯದವರ ತತ್ವ, ಹೀಗೆ. ಆ ತಾಯಿ ಅರ್ಥವಾಗದೆ ಗಂಡನ ಮುಖ ನೋಡಿದಳು. "ಹಸಿವಾಗಿದೆ ಅಂತವನೆ, ಇಕ್ಕು" ಎಂದು ಮುನಿಸ್ವಾಮಿ ನನ್ನ ಭಾಷಣವನ್ನು ಸಂಕ್ಷೇಪಿಸಿದ. ಎರಡು ತುಂಡು ತಿಂದೆ. ಮೂರನೆಯದಕ್ಕೆ ವಿಚಾರವಾದಿಯ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ಪೊನ್ನಮ್ಮ ಒಣ ಅನ್ನದ ಉಂಡೆ ಕಟ್ಟಿ, ಬಾಯಿಗೆ ತುರುಕಿ, ಬೆನ್ನು ಗುದ್ದಿದಳು. ಮುಳ್ಳು ಇಳಿಯಿತು. "ಮೊದಲ್ನೇ ಸಲ ಎಲ್ಲಾರ್ಗೂ ಹಂಗೇ" ಎಂದು ಮುನಿಸ್ವಾಮಿ ನಕ್ಕ.

ಮನೆಯಲ್ಲಿ ಹೇಳಬೇಡಿ ಎಂದು ನಾನು ಕೇಳಲಿಲ್ಲ, ಅಷ್ಟು ಮಾನ ಇತ್ತು. ಹೊರಡುವಾಗ ಒಂದೆರಡು ಏಲಕ್ಕಿ ಕೇಳಿದೆ. ಪೊನ್ನಮ್ಮ ಏನೂ ಕೇಳದೆ ನಾಲ್ಕು ಕೊಟ್ಟಳು.

ಅದಾದ ಮುಂದಿನ ವಾರ ಮುನಿಸ್ವಾಮಿ ಶಿವಮೊಗ್ಗೆಯ ನಮ್ಮ ಮನೆಗೆ ಬಂದ. ಜಗುಲಿಯ ಮೇಲೆ ಕೂತ. ಅಪ್ಪ ಒಳಗೆ ಪಡಸಾಲೆಯ ಚಾಪೆಯ ಮೇಲೆ. ನಾನು ಹೊಸ್ತಿಲಲ್ಲಿ ನಿಂತು, ಉದ್ದ ಚಾಸಿಯೇ ಆಗಬೇಕೆಂದು ವಾದಿಸಿದೆ. ಉದ್ದ ಹೆಚ್ಚಿದರೆ ಸರಕು ಹೆಚ್ಚು, ಸರಕು ಹೆಚ್ಚಿದರೆ ಬಾಡಿಗೆ ಹೆಚ್ಚು. ಎರಡನೆಯ ತರಗತಿಯ ಗಣಿತ. ಮುನಿಸ್ವಾಮಿ ಪೂರ್ತಿ ಕೇಳಿದ.

"ಬುಕ್ಕಲ್ಲಿ ಗಾಡಿ ಚೆನ್ನಾಗೇ ಓಡ್ತದೆ ತಂಬಿ. ಅಜ್ಜೀ, ಎರಡು ಮಣೆ ಕೊಡ್ತೀರಾ? ಒಂದು ಚಿಕ್ಕದು, ಒಂದು ಉದ್ದದ್ದು."

ಜಗುಲಿಯ ಮೇಲೆ ಸೀಮೆಸುಣ್ಣದಿಂದ ಘಾಟಿಯ ಒಂದು ತಿರುವು ಬರೆದ. ಅಜ್ಜಿ ಕೂತು ಉಣ್ಣುವ ಗಿಡ್ಡ ಮಣೆ ಒಂದೇ ಸಲಕ್ಕೆ ತಿರುವು ದಾಟಿತು. ಮದುವೆಗೆ ಹಾಕುವ ಉದ್ದನೆಯ ಮಣೆ ಗೆರೆಗೆ ತಗುಲಿತು. ಹಿಂದೆ ಸರಿಸಿದ, ಮತ್ತೆ ತಗುಲಿತು. ಮೂರನೆಯ ಸಲ ಮಣೆಯ ಹಿಂಬದಿ ಜಗುಲಿಯಿಂದ ಕೆಳಗೆ ಬಿತ್ತು.

"ಅಯ್ಯೋ, ಹಾಳಾದ್ದೇ, ಕೆಳಗೇ ಹೋಯ್ತಲ್ಲೋ!" ಎಂದಳು ಅಜ್ಜಿ. ಅಪ್ಪ ನಕ್ಕುಬಿಟ್ಟ. ಅಪ್ಪ ನಗುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದರಲ್ಲಿ ಒಂದು ನನ್ನ ಮೇಲೆ ಖರ್ಚಾಯಿತು.

"ಅರ್ಜೆಂಟ್ ಸಾಮಾನಿಗೆ ಉದ್ದ ಬೇಡ ಯಜಮಾನ್ರೇ. ನಿಲ್ಲದೆ ಹೋಗೋದು ಬೇಕು" ಎಂದ ಮುನಿಸ್ವಾಮಿ. ಗಿಡ್ಡ ಚಾಸಿ ಎಂದು ತೀರ್ಮಾನವಾಯಿತು. ಎರಡು ಕಪ್ಪು ಗೆದ್ದವನು ಎರಡು ಮಣೆಗೆ ಸೋತಿದ್ದೆ. ಸೋಲು ಅಷ್ಟು ದೊಡ್ಡದಲ್ಲ, ಆದರೆ ನನಗೆ ಸೋತು ಅಭ್ಯಾಸವಿರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಬೇರೆ ದೊಡ್ಡ ಕಾರಣ ಹುಡುಕುವುದು ಬೇಡ.

ಚಾಸಿ ಬಂತು. ಚಾಸಿ ಎಂದರೆ ಎಂಜಿನ್ನು, ಚಕ್ರ, ಎರಡು ಉದ್ದನೆಯ ಕಬ್ಬಿಣದ ತೊಲೆ, ಅಷ್ಟೇ. ಮೇಲೆ ಸೂರಿಲ್ಲ, ಕೂರಲು ಸೀಟಿಲ್ಲ. ಮುನಿಸ್ವಾಮಿ ಮರದ ಪೆಟ್ಟಿಗೆಯ ಮೇಲೆ, ಚಿಕ್ಕಪ್ಪ ಪಕ್ಕದಲ್ಲಿ ಮಡಿಸಿದ ಗೋಣಿಯ ಮೇಲೆ ಕೂತು ತಲೆಗೆ ಟವೆಲ್ ಬಿಗಿದು ಬೆಂಗಳೂರಿನಿಂದ ಬಂದಿದ್ದರು. ಇಬ್ಬರ ಮುಖವೂ ಧೂಳಿನಲ್ಲಿ ಒಂದೇ ಬಣ್ಣವಾಗಿತ್ತು. ಚಿಕ್ಕಪ್ಪನ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು, ಯಾಕೆಂದರೆ ಅವನು ನಗುವುದನ್ನು ನಿಲ್ಲಿಸಿರಲಿಲ್ಲ.

"ಇದೇನೋ ರುದ್ರ, ಎಲುಬಿನ ಗೂಡು ತಂದಿದೀಯ?" ಎಂದಳು ಅಜ್ಜಿ.

"ಮಾಂಸ ಇಲ್ಲೇ ತುಂಬಿಸ್ತೀವಿ ಅವ್ವ" ಎಂದ ಚಿಕ್ಕಪ್ಪ. ನಮ್ಮ ಮನೆಯಲ್ಲಿ ಆಡಬಾರದ ಪದ ಅದು. ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು.

ಬಾಡಿ ಕಟ್ಟಿಸುವುದು ಇಲ್ಲಿಯೇ. ಆಲ್ಕೊಳದ ದಾರಿಯಲ್ಲಿ ಒಬ್ಬ ಆಚಾರಿಯ ಶೆಡ್ಡು ಇತ್ತು. ಎತ್ತಿನ ಗಾಡಿ ಮಾಡುತ್ತಿದ್ದವನು ಕಾಲಕ್ಕೆ ತಕ್ಕಂತೆ ಲಾರಿಗಳಿಗೆ ಕೈ ಹಾಕಿದ್ದ. ಅವನು ಒಂದೇ ಪ್ರಶ್ನೆ ಕೇಳಿ ಕಳಿಸಿದ್ದ: ತಳಕ್ಕೆ ಹಲಗೆಯೋ, ತಗಡೋ?

ಚಿಕ್ಕಪ್ಪ ಜಗುಲಿಯ ಮೇಲೆ ಕೂತಿದ್ದ ಮುನಿಸ್ವಾಮಿಯನ್ನು ನೋಡಿದ. ಮುನಿಸ್ವಾಮಿ "ತಗಡು. ಹಿಂದುಗಡೆ ನೀರು ಹೋಗೋಕೆ ನಾಲ್ಕು ತೂತು" ಎಂದ.

ನಾಲ್ಕು ತೂತು ಎಂದ ಕೂಡಲೇ ಪಡಸಾಲೆಯಲ್ಲಿ ಎಲ್ಲರಿಗೂ ಎಲ್ಲವೂ ತಿಳಿಯಿತು. ಇಲ್ಲಿಂದ ಅಕ್ಕಿ, ಬೆಲ್ಲ ಹೊತ್ತು ಘಾಟಿ ಇಳಿದ ಲಾರಿ ಹೊನ್ನಾವರದಿಂದ ಬರಿದೇ ಬರುವುದಿಲ್ಲ. ಅಲ್ಲಿ ದಿನವೂ ಸಿಗುವ, ಒಂದು ಗಂಟೆಯೂ ಕಾಯಲಾರದ, ಭದ್ರಾವತಿಯ ಕಾರ್ಮಿಕರ ಓಣಿಗಳಲ್ಲಿ ಜನ ಬುಟ್ಟಿ ಹಿಡಿದು ಕಾಯುವ ಸರಕು ಒಂದೇ. ಚಿಕ್ಕಪ್ಪ ಹೇಳುತ್ತಿದ್ದ 'ತಡವಾದರೆ ಸಾಯೋ ಸಾಮಾನು' ಅದಕ್ಕಿಂತ ಬೇರೆ ಇಲ್ಲ. ಆದರೆ ಲಿಂಗಪೂಜೆಯ ಮನೆಯ ಪಡಸಾಲೆಯಲ್ಲಿ ಅದರ ಹೆಸರು ಎತ್ತುವಂತಿರಲಿಲ್ಲ. ಅಪ್ಪ ಬೇಡ ಎನ್ನಬೇಕಿತ್ತು, ಯಾಕೆ ಬೇಡ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಅದನ್ನು ಹೆಸರಿಸಿದಂತೆ. ಚಿಕ್ಕಪ್ಪನಿಗೆ ಬೇಕು ಎನ್ನಬೇಕಿತ್ತು, ಅವನಿಗೂ ಅದೇ ಕಷ್ಟ. ಎಲ್ಲರೂ ಗೋಡೆ ನೋಡುತ್ತ ಕೂತರು.

ಅಜ್ಜಿ ನನ್ನ ಕಡೆ ತಿರುಗಿದಳು. "ಕಪ್ಪು ತಂದಿದೀಯಲ್ಲ, ನೀನು ಹೇಳೋ ಮಗಾ. ಹಲಗೆ ಯಾಕೆ ಒಳ್ಳೇದು ಅಂತ ರುದ್ರನಿಗೆ ಹೇಳು."

ಟೋಪಿಯಿಂದ ಚೀಟಿ ಬಂತು. ಬಂದದ್ದೇ ಅಭಿಪ್ರಾಯ. ಎದುರಾಳಿ, ಮೊನ್ನೆ ಮೊನ್ನೆ ಅದೇ ಜಗುಲಿಯಲ್ಲಿ ನನ್ನನ್ನು ಮಣೆಯಿಂದ ಸೋಲಿಸಿದ ಮುನಿಸ್ವಾಮಿ.

ನಾನು ಎಷ್ಟು ಚೆನ್ನಾಗಿ ಮಾತಾಡಿದೆ ಎಂದು ಈಗ ನೆನೆಸಿಕೊಂಡರೂ ಮೈ ಬೆಚ್ಚಗಾಗುತ್ತದೆ. ಅದೇ ಕ್ಷಣ ಮುಖವೂ. ತಗಡು ಬಿಸಿಲಿಗೆ ಕಾಯುತ್ತದೆ, ವೀಳ್ಯದೆಲೆ ಬಾಡುತ್ತದೆ. ತಗಡು ತುಕ್ಕು ಹಿಡಿದರೆ ಇಡೀ ಹಾಸು ಕೀಳಬೇಕು, ಹಲಗೆಯಾದರೆ ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಕು. ಕಬ್ಬಿಣದ ಭಾಗಗಳು ತಗಡಿನ ಮೇಲೆ ಜಾರಿ ಪಕ್ಕಕ್ಕೆ ಬಡಿಯುತ್ತವೆ. ತಗಡಿನ ತೂಕ ದಿನವೂ ಪುಕ್ಕಟೆ ಹೊರಬೇಕು. ಒಂದು ಮಾತೂ ದೇವರದಲ್ಲ, ಮಡಿಯದಲ್ಲ. ಎಲ್ಲವೂ ವಿಜ್ಞಾನ. ಅಪ್ಪನ ಮುಖದಲ್ಲಿ ಒಂದು ನಿರಾಳ ಹರಡುವುದು ಕಾಣುತ್ತಿತ್ತು. ಹೇಳಲಾಗದ ಅವನ ಬೇಡಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ ತೊಡಿಸಿಕೊಟ್ಟಿದ್ದೆ.

ಮುನಿಸ್ವಾಮಿ ಜಗುಲಿಯಿಂದ ಒಂದೇ ಉತ್ತರ ಕೊಟ್ಟ: "ತಗಡಾದ್ರೆ ತೊಳೀಬೋದು."

"ಏನನ್ನ ತೊಳೀಬೇಕು?"

"ನೀರು ಬೀಳ್ತದಲ್ಲ. ಐಸ್ ನೀರು."

ನನಗೆ ಬಾಗಿಲು ತೆರೆದದ್ದು ಕಂಡಿತು. ಚರ್ಚಾಕೂಟದಲ್ಲಿ ಇಂಥ ಕ್ಷಣಕ್ಕೆ ಸಭೆ ಉಸಿರು ಬಿಗಿ ಹಿಡಿಯುತ್ತದೆ.

"ಐಸಿನೊಳಗೆ ಏನು ಬರುತ್ತೆ, ಮುನಿಸ್ವಾಮಿ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಒಂದೇ ಮಾತು ಸಾಕಿತ್ತು ಅವನಿಗೆ. 'ನಮ್ಮನೇಲಿ ನೀನು ಎರಡು ತುಂಡು ತಿಂದ್ಯಲ್ಲ ತಂಬಿ, ಅದೇ ಬರ್ತದೆ' ಎಂದರೆ ನನ್ನ ವಿಜ್ಞಾನ, ನನ್ನ ಕಪ್ಪು, ನನ್ನ ಮಾನ ಎಲ್ಲ ಜಗುಲಿಯಿಂದ ಮಣೆ ಬಿದ್ದಂತೆ ಬೀಳುತ್ತಿದ್ದವು. ಬಹುಶಃ ಆ ಗಲಾಟೆಯಲ್ಲಿ ವಿಷಯ ಬಾಯಿಗೆ ಬಂದು, ಅಪ್ಪ ಕೂಗಾಡಿ, ಚಿಕ್ಕಪ್ಪ ಹಟ ಹಿಡಿದು, ಕೊನೆಗೆ ತಗಡೇ ಬೀಳುತ್ತಿತ್ತೋ ಏನೋ.

ಮುನಿಸ್ವಾಮಿ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. "ನೀವು ಹೇಳ್ದಂಗೆ ಆಗ್ಲಿ" ಎಂದ.

"ಹಲಗೆ" ಎಂದ ಅಪ್ಪ, ಮತ್ತು ಎದ್ದ.

ಎದುರಾಳಿಯನ್ನು ಹೊಸ್ತಿಲ ಆಚೆ ಕೂರಿಸಿ ಗೆದ್ದ ಚರ್ಚೆ ಅದು. ಚಿಕ್ಕಪ್ಪ ನನ್ನ ಬೆನ್ನು ತಟ್ಟಿದ. ಯಾಕೆ ತಟ್ಟಿದನೋ ಆಗ ಕೇಳಲಿಲ್ಲ. ಹೊಗಳಿಕೆಗೆ ಕಾರಣ ಕೇಳುವ ಅಭ್ಯಾಸ ನನಗಿರಲಿಲ್ಲ.

ಆಚಾರಿ ಮತ್ತಿ ಮರದ ಹಲಗೆ ಹಾಸಿದ. ಸಂದಿಲ್ಲದಂತೆ ಕೂರಿಸಿ, ಎಣ್ಣೆ ಬಳಿದು, ಅದರ ಮೇಲೆ ಊಟಕ್ಕೆ ಎಲೆ ಹಾಕಬಹುದು ಎನ್ನುವ ಹಾಗೆ ಮಾಡಿದ. ಮುಂದೆ ಹಣೆಯ ಮೇಲೆ ಕೆಂಪಕ್ಷರದಲ್ಲಿ 'ಅರ್ಜೆಂಟ್' ಎಂದು ಬರೆಸಿದ್ದು ಚಿಕ್ಕಪ್ಪನ ಆಸೆ. ನಾನು ಹೋಗಿ ಹಲಗೆಯನ್ನು ಮುಟ್ಟಿ ನೋಡಿ ಬಂದೆ, ನನ್ನ ಮಾತೇ ಮರವಾಗಿ ಹಾಸಿಕೊಂಡಂತೆ.

ಮೊದಲ ಮೂರು ತಿಂಗಳು ಚಿಕ್ಕಪ್ಪ ಮನುಷ್ಯನಾಗಿದ್ದ. ಲಾರಿಯ ಮೇಲೆಯೇ ಉಣ್ಣುತ್ತಿದ್ದ, ಗಂಟಲು ಬಿದ್ದುಹೋಗುವ ತನಕ ಮಾತಾಡುತ್ತಿದ್ದ. ವೀಳ್ಯದೆಲೆಯ ವ್ಯಾಪಾರಿಗಳು ಅವನನ್ನು ಹೆಸರು ಹಿಡಿದು ಕರೆದರು. ಭದ್ರಾವತಿಯಲ್ಲಿ ಏನಾದರೂ ಮುರಿದಾಗ ಯಾರೋ ಸೈಕಲ್ಲು ತುಳಿದು ಹುಡುಕಿಕೊಂಡು ಬಂದರು. ಆದರೆ ಯಂತ್ರಗಳು ನಮ್ಮ ಅನುಕೂಲಕ್ಕೆ ಮುರಿಯುವುದಿಲ್ಲ, ಎಲೆ ವಾರಕ್ಕೆ ಎರಡೇ ದಿನ. ಉಳಿದ ದಿನ ಅಕ್ಕಿ, ಬೆಲ್ಲ ಹೊತ್ತು ಘಾಟಿ ಇಳಿಯುತ್ತಿದ್ದರು. ಹತ್ತುವಾಗ ಮತ್ತಿಯ ಹಲಗೆಯ ಮೇಲೆ ಗಾಳಿ ತುಂಬಿಕೊಂಡು ಬರುತ್ತಿದ್ದರು. ಬೇರೆಯವರ ಲಾರಿಗಳು ನೀರು ತೊಟ್ಟಿಕ್ಕಿಸುತ್ತ, ಹಾರ್ನ್ ಬಾರಿಸುತ್ತ ಅವರನ್ನು ದಾಟಿಕೊಂಡು ಹೋಗುತ್ತಿದ್ದವು.

ಎಂಟನೆಯ ತಿಂಗಳಲ್ಲಿ ಚಿಕ್ಕಪ್ಪನ ಮಾತು ನಿಂತಿತು. ಒಂಬತ್ತನೆಯ ತಿಂಗಳಲ್ಲಿ ಒಂದು ದಿನ ಹೊನ್ನಾವರದಿಂದ ತೆಂಗಿನಕಾಯಿ ತಂದೆ ಎಂದ. ಮತ್ತೊಂದು ದಿನವೂ ತೆಂಗಿನಕಾಯಿ. ಆ ವಾರದಲ್ಲಿ ನಾಲ್ಕು ಸಲ. ಇಷ್ಟು ತೆಂಗಿನಕಾಯಿ ಶಿವಮೊಗ್ಗೆ ಏನು ಮಾಡುತ್ತದೆ ಎಂದು ಸಂಶಯಪಡುವುದೇ ಕಸುಬಾದ ನನಗೂ ಕೇಳಬೇಕೆನ್ನಿಸಲಿಲ್ಲ. ಅವನು ಮತ್ತೆ ಮಾತಾಡಲು ತೊಡಗಿದ್ದ.

ಆ 'ತೆಂಗಿನಕಾಯಿ'ಯ ಅಡಿಗೆ ಮುನಿಸ್ವಾಮಿ ಎರಡು ಟಾರ್ಪಾಲು ಹಾಸಿದ್ದನಂತೆ. ಐಸು ಕರಗಿದ ನೀರು ಟಾರ್ಪಾಲಿನ ಅಂಚು ಹುಡುಕಿಕೊಂಡು ಹೋಯಿತು. ತಗಡಾಗಿದ್ದರೆ ಹಿಂದಿನ ತೂತಿನಿಂದ ಸುರಿದು ಹೋಗಬೇಕಾಗಿದ್ದ ನೀರನ್ನು ಒಳ್ಳೆಯ ಮತ್ತಿಯ ಹಲಗೆ ಕುಡಿಯಿತು. ಹೊಳೆಗಿಳಿಸಿ ತೊಳೆದರು. ಸುಣ್ಣ ಹಾಕಿದರು, ಸೀಗೆ ಹಾಕಿದರು, ಮಜ್ಜಿಗೆ ಸುರಿದರು, ಸಗಣಿಯನ್ನೂ ಸಾರಿಸಿದರು. ಬಿಸಿಲು ಬಿದ್ದ ಕೂಡಲೇ ಎಲ್ಲವನ್ನೂ ದಾಟಿಕೊಂಡು ಆ ವಾಸನೆ ಮೇಲೆ ಬರುತ್ತಿತ್ತು. ವೀಳ್ಯದೆಲೆಯ ವ್ಯಾಪಾರಿ ಬುಟ್ಟಿ ವಾಪಸು ಕಳಿಸಿದ: "ರುದ್ರಪ್ಪನೋರೇ, ನಿಮ್ಮ ಎಲೆ ಹಾಕ್ಕೊಂಡೋರು ಉಗೀತಾ ಇದಾರೆ, ಮಾಮೂಲಿ ಉಗಿಯೋದಲ್ಲ." ಬೆಲ್ಲದವರೂ ಬಿಟ್ಟರು. ಒಂದು ಬಾಡಿಗೆ ಹಿಡಿಯಲು ಹೋಗಿ ಎಲ್ಲ ಬಾಡಿಗೆ ಹೋಯಿತು.

ಅಮಾವಾಸ್ಯೆಗೆ ಲಾರಿಗೆ ಪೂಜೆ ಮಾಡುವುದು ರೂಢಿ. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಒಂದು ಕಾಯಿ. ಆ ಅಮಾವಾಸ್ಯೆ ಬೆಳಿಗ್ಗೆ ಅಜ್ಜಿ ಊದುಬತ್ತಿ ಹಿಡಿದು ಲಾರಿಯ ಸುತ್ತ ಹೊರಟವಳು ಹಿಂಬದಿಗೆ ಬಂದು ನಿಂತಳು. ಸೆರಗು ಮೂಗಿಗೆ ಹೋಯಿತು. ಬೈಯಲಿಲ್ಲ. ಊದುಬತ್ತಿಯನ್ನು ಅಲ್ಲೇ ಮಣ್ಣಿಗೆ ಚುಚ್ಚಿ, ಒಳಗೆ ಹೋಗಿ, ತಲೆಗೆ ನೀರು ಹಾಕಿಕೊಂಡಳು. ಅಂಗಳದಲ್ಲಿ ಚಿಕ್ಕಪ್ಪ ಕಾಯಿ ಹಿಡಿದುಕೊಂಡೇ ನಿಂತಿದ್ದ. ಅಪ್ಪ ಹೊರಬಂದು "ವರ್ಷ ಆಗೋದಕ್ಕೆ ಇನ್ನೂ ಎರಡು ತಿಂಗಳಿದೆ. ಇರ್ಲಿ, ಸಾಕು" ಎಂದ. ಅಪ್ಪ ಕೂಗಾಡಿದ್ದರೆ ಚೆನ್ನಾಗಿತ್ತು.

ಹೊನ್ನಾವರದ ಒಬ್ಬ ಮೀನಿನ ಸಾಹುಕಾರ ಲಾರಿ ಕೊಂಡ. ಕೊಂಡವನು ಅದನ್ನು ನೇರ ಆಲ್ಕೊಳದ ದಾರಿಯ ಅದೇ ಶೆಡ್ಡಿಗೆ ತೆಗೆದುಕೊಂಡು ಹೋದ. ಮೂರು ದಿನದಲ್ಲಿ ಹಲಗೆ ಕಿತ್ತು ತಗಡು ಹೊಡೆಸಿದ, ಹಿಂದೆ ನಾಲ್ಕು ತೂತು. ಡ್ರೈವರ್ ಮುನಿಸ್ವಾಮಿಯೇ. ಲಾರಿಯ ಬಗ್ಗೆ ಅವನು ಹೇಳಿದ್ದೆಲ್ಲ ಕೊನೆಗೂ ನಡೆಯಿತು, ನಮ್ಮ ಮನೆಯವರಿಗೆ ಮಾತ್ರ ನಡೆಯಲಿಲ್ಲ.

ನಾನು ಒಂದು ಭಾನುವಾರ ಭದ್ರಾವತಿಗೆ ಹೋದೆ. ಕ್ಷಮೆ ಕೇಳಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋದ ಮೇಲೆ ಬಾಯಿಗೆ ಬಂದದ್ದು ಪ್ರಶ್ನೆಯೇ: "ಅವತ್ತು ಯಾಕೆ ಹೇಳ್ಲಿಲ್ಲ ಮುನಿಸ್ವಾಮಿ?"

"ಏನು ಹೇಳಾದು?"

"ನಾನು ಇಲ್ಲಿ ಉಂಡಿದ್ದು."

ಅವನು ಬೀಡಿಯ ಬೂದಿ ಕೊಡವಿದ. "ನಮ್ಮನೇಲಿ ಉಂಡೋರ ಬಗ್ಗೆ ಇನ್ನೊಬ್ಬರ ಮನೇಲಿ ಕೂತು ಹೇಳೋದುಂಟಾ ತಂಬಿ? ನನ್ ಹೆಂಡ್ತಿ ಕೈಲಿ ಇಕ್ಕಿದ್ದು ಅದು."

ಅಷ್ಟರಲ್ಲಿ ಪೊನ್ನಮ್ಮ ಬಾಳೆಯೆಲೆಯ ಪೊಟ್ಟಣ ತಂದು ಮುಂದಿಟ್ಟಳು. ಯಾರನ್ನೋ ಕಳಿಸಿ ಸರ್ಕಲ್ಲಿನ ಶುದ್ಧ ಸಸ್ಯಾಹಾರಿ ಹೋಟೆಲಿನಿಂದ ಇಡ್ಲಿ ತರಿಸಿದ್ದಳು. ನೀರನ್ನೂ ಅಲ್ಲಿಂದಲೇ, ಹೊಸ ಚೊಂಬಿನಲ್ಲಿ. "ಇದು ನಮ್ಮನೇದಲ್ಲ, ಧೈರ್ಯವಾಗಿ ತಿನ್ನಿ" ಎಂದಳು. ಕುಚೋದ್ಯವಿರಲಿಲ್ಲ ಅವಳ ಮಾತಿನಲ್ಲಿ. ಅದನ್ನು ಹುಡುಕಿದೆ, ಸಿಗಲಿಲ್ಲ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ನನಗೂ ಅದನ್ನೇ ಬಡಿಸಿ ಎಂದು ಹೇಳಲು ಆ ದಿನ ನನ್ನಲ್ಲಿ ಭಾಷಣ ಇರಲಿಲ್ಲ. ನಾಲ್ಕು ಇಡ್ಲಿ ತಿಂದು ಬಂದೆ.

ಚಿಕ್ಕಪ್ಪ ಈಗ ಆರು ವರ್ಷದಿಂದ ತಕ್ಕಡಿಯ ಮುಂದಿದ್ದಾನೆ. ಮಾರಿದ ಆ ಲಾರಿ ದಿನವೂ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಜಾರಿನ ಕೊನೆಯ ರಸ್ತೆಯಲ್ಲಿ ಹೋಗುತ್ತದೆ. ಅವನು ತಟ್ಟೆಯ ಮೇಲೆ ಕೈ ಇಟ್ಟು ತೂಕ ನಿಲ್ಲಿಸುವುದನ್ನು ಬಿಟ್ಟಿದ್ದಾನೆ. ಗಿರಾಕಿಗಳ ಜಗಳವೂ ನಿಂತಿದೆ.

ಮೊನ್ನೆ ಸ್ಕೂಲಿಗೆ ರಜ. ಅಂಗಡಿಯಲ್ಲಿ ಅವನ ಜೊತೆ ಕೂತಿದ್ದೆ. ಒಬ್ಬ ಹೆಂಗಸು ಬೆಲ್ಲದ ಅಚ್ಚು ಆರಿಸುತ್ತ ನಿಂತಿದ್ದಳು. ರಸ್ತೆಯ ಕೊನೆಯಲ್ಲಿ ಅದೇ ಲಾರಿ ಹೋಯಿತು. ಚಿಕ್ಕಪ್ಪ ತಲೆಯೆತ್ತದೆ ಕೇಳಿದ:

"ಅವತ್ತು ಮಾತಾಡಿದ್ಯಲ್ಲ. ಬಿಸಿಲು, ತೂಕ, ತುಕ್ಕು ಅಂತ."

"ಹೂಂ."

"ಅದ್ರಲ್ಲಿ ನೀನು ನಂಬಿದ್ದು ಎಷ್ಟು?"

ಆರು ವರ್ಷ ಈ ಪ್ರಶ್ನೆಗೆ ಕಾದಿದ್ದೆ. ಹತ್ತು ಉತ್ತರ ಸಿದ್ಧವಿದ್ದವು, ಒಂದಕ್ಕಿಂತ ಒಂದು ಚೆಂದದವು. ಅವನು ಬೆಲ್ಲದ ಪುಡಿಯನ್ನು ತಟ್ಟೆಯಿಂದ ಒರೆಸುತ್ತಿದ್ದ.

"ಒಂದೂ ಇಲ್ಲ ಚಿಕ್ಕಪ್ಪ."

ಅವನು ತಲೆಯಾಡಿಸಿದ, ಗಿರಾಕಿ ಹೇಳಿದ ತೂಕ ಕೇಳಿಸಿಕೊಂಡಂತೆ.

"ತಗಡೇ ಸರಿ ಅಂತ ನಂಗೆ ಮೊದಲಿಂದ ಗೊತ್ತಿತ್ತು ಕಣೋ. ನೀನು ಮಾತಾಡಿದ ಮೇಲೆ ನಿನ್ನನ್ನೇ ನಂಬಿದೆ. ಓದಿದೋನು, ನಮ್ಮ ಹುಡುಗ, ನನಗೆ ಕೆಟ್ಟದ್ದು ಹೇಳಲ್ಲ ಅಂತ." ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ಎಷ್ಟು ಕೊಡ್ಲಿ ತಾಯಿ?" ಎಂದ.